ಸರ್ಕಾರನ ಬಿದ್ದ ಮ್ಯಾಲೆ ನೋಟು ಹೆಂಗ ನಡೀತು? ಸೋಮಾಲಿಯಾದ ರೊಕ್ಕದ ಕಥಿ

ನಮಸ್ಕಾರ್ರೀ ಎಲ್ಲಾರ್ಗೂ, ವಿಜಯಪುರದಿಂದ. ಸಿಂದಗಿ ಹುಡುಗ ಒಬ್ಬ ಕೇಳಿದ, ಯುದ್ಧ ನಡದಿರೋ ದೇಶದಾಗ ಬ್ಯಾಂಕ್ ಮುಚ್ಚಿದ್ರ ಮಂದಿ ರೊಕ್ಕ ಎಲ್ಲಿ ಇಡ್ತಾರ, ಹೆಂಗ ಕಳಸ್ತಾರ ಅಂತ. ಅವತ್ತಿಂದ ನನಗ ಇದs ಗುಂಗು.

ಆಫ್ರಿಕಾದ ಸೋಮಾಲಿಯಾ ನೋಡ್ರಿ. 1991ರಾಗ ಅಲ್ಲಿನ ಸರ್ವಾಧಿಕಾರಿ ಸಿಯಾದ್ ಬರ್ರೆ ಸರ್ಕಾರ ಬಿತ್ತು, ಅದರ ಜೊತಿಗೆ ನೋಟು ಹೊರಡಸೋ ಸೆಂಟ್ರಲ್ ಬ್ಯಾಂಕೂ ಬಂದ್ ಆತು. ಆದ್ರ ನೋಟು ನಿಲ್ಲಲಿಲ್ಲ! ಹಳೇ ಶಿಲ್ಲಿಂಗ್ ನೋಟು ಕೈಯಿಂದ ಕೈಗೆ ಓಡಾಡ್ಕೋತ ಇತ್ತು, ಆಮ್ಯಾಲೆ ವ್ಯಾಪಾರಸ್ಥರು, ಸೇನಾ ನಾಯಕರು ತಾವs ಪ್ರಿಂಟ್ ಹೊಡಿಸಿ ತಂದ್ರು, ಕಡೀಗೆ ಐಎಂಎಫ್ (ಅಂತಾರಾಷ್ಟ್ರೀಯ ಹಣಕಾಸು ನಿಧಿ) ಲೆಕ್ಕ ಹಾಕಿದ್ರ ಚಲಾವಣೆದಾಗಿದ್ದ ನೋಟಿನ್ಯಾಗ ಸುಮಾರು 98 ಪರ್ಸೆಂಟ್ ಖೊಟ್ಟಿ.

ಸ್ವಲ್ಪ ನಿಂದ್ರಿ ಇಲ್ಲಿ. ನಮ್ಮ ಮಾರ್ಕೆಟ್ನ್ಯಾಗ ಐನೂರರ ನೋಟು ಕೊಟ್ರ ಕಾಯಿಪಲ್ಲೆ ಮಾರೋ ಅಕ್ಕ ಅದನ್ನ ಬಿಸಲಿಗೆ ಹಿಡದು, ಗಾಂಧೀಜಿ ಕಾಣಸ್ತಾರೋ ಇಲ್ಲೋ ನೋಡಿ, ಹೆಬ್ಬೆರಳಿಂದ ತಿಕ್ಕಿ ತಗೋತಾಳ. ಅಲ್ಲಿ ಖೊಟ್ಟಿ ಅಂತ ಗೊತ್ತಿದ್ದೂ ತಗೋತಿದ್ರು, ಯಾಕಂದ್ರ ಮುಂದಿನ ಅಂಗಡಿಯಂವಾ ತಗೋತಾನ ಅನ್ನೋದು ಖಾತ್ರಿ ಇತ್ತು. ಮತ್ತ ಪ್ರಿಂಟ್ ಹೊಡಿಯೋ ಖರ್ಚಿನಷ್ಟಕ್ಕ ನೋಟಿನ ಬೆಲಿ ಇಳೀತು ಅಂದ್ರ ಖೊಟ್ಟಿ ಮಾಡಿದ್ರೂ ಲಾಭ ಇಲ್ಲ. ಉಳಿದದ್ದು ಬರೇ ಸಾವಿರ ಶಿಲ್ಲಿಂಗ್ ನೋಟು, ಅದರ ಬೆಲಿ ನಮ್ಮ ಮೂರ್ನಾಕು ರೂಪಾಯಿ ಅಷ್ಟs. ಸಂತಿಗೆ ಹೋಗಬೇಕಂದ್ರ ಕಟ್ಟು ಹೊತಗೊಂಡು ಹೋಗಬೇಕಿತ್ತು.

ಅದಕ್ಕs ಫೋನಿನ ರೊಕ್ಕ ಅಲ್ಲಿ ಬೆಂಕಿ ಹತ್ತಿದಂಗ ಹಬ್ಬಿತು. 2009ರಾಗ ಬ್ಯಾರೆ ದೇಶ ಅಂತ ಘೋಷಿಸಿಕೊಂಡ ಉತ್ತರದ ಸೋಮಾಲಿಲ್ಯಾಂಡ್‌ನ್ಯಾಗ ಜಾಡ್, ಆಮ್ಯಾಲೆ ರಾಜಧಾನಿ ಮೊಗಾದಿಶು ಕಡೆ ಇವಿಸಿ ಪ್ಲಸ್, ಎರಡೂ ಮೊಬೈಲ್ ಕಂಪನಿಗಳು ತಂದ ಫೋನ್ ರೊಕ್ಕದ ಸೇವಾ. ಸ್ಮಾರ್ಟ್‌ಫೋನ್ ಬ್ಯಾಡ, ನೆಟ್ ಬ್ಯಾಡ, ಬಟನ್ ಫೋನಿನ್ಯಾಗ ನಂಬರ್ ಒತ್ತಿದ್ರ ರೊಕ್ಕ ಹೋತು, ಅದೂ ಡಾಲರ್ ಲೆಕ್ಕದಾಗ. ವರ್ಲ್ಡ್ ಬ್ಯಾಂಕ್ ಸರ್ವೇದಾಗ 16 ವರ್ಷ ದಾಟಿದವರೊಳಗ ಹತ್ರಾಗ ಏಳು ಮಂದಿ ಇದನ್ನ ಬಳಸ್ತಿದ್ರು.

ಟೈಮ್ ಆಗಾಕತ್ತೈತಿ, ಇನ್ನೆರಡು ಮಾತು ಲಗೂನ ಹೇಳ್ತೀನಿ. ಹೊರದೇಶದಾಗ ದುಡಿಯೋ ಮಕ್ಕಳು ಮನಿಗೆ ಕಳಸೋ ರೊಕ್ಕದ ದಾರಿ ಭಾಳ ಸಣ್ಣದು: 2013ರಾಗ ಬ್ರಿಟನ್ನಿನ ಬಾರ್ಕ್ಲೇಸ್ ಬ್ಯಾಂಕ್, ರೊಕ್ಕ ಕಳ್ಳರ, ಉಗ್ರರ ಕೈಗೆ ಹೋಗೋ ರಿಸ್ಕ್ ಐತಿ ಅಂತ ಹೇಳಿ, ರೊಕ್ಕ ಕಳಸೋ ಸೋಮಾಲಿ ಕಂಪನಿ ದಹಬ್‌ಶೀಲ್ ಖಾತೆ ಬಂದ್ ಮಾಡಾಕ ಹೋತು, ಕೇಸು ಕೋರ್ಟಿಗೆ ಹತ್ತಿತು. ಕಳ್ಳರನ್ನ ತಡೀಬೇಕು ಖರೆ, ಆದ್ರ ತಾಯಿ ಔಷಧದ ರೊಕ್ಕ ತಡದ್ರ ಹೆಂಗ್ರೀ? ಇನ್ನೊಂದು ಮಾತು ಗುರುತಿನ ಚೀಟಿದು. ನಮ್ಮಲ್ಲಿ ಆಧಾರ್ ಇಲ್ದ ಸಿಮ್ ತಗೊಳ್ಳೋದs ಕಷ್ಟ, ಅಲ್ಲಿ ರಾಷ್ಟ್ರೀಯ ಗುರುತಿನ ಚೀಟಿ ಶುರು ಆಗಿದ್ದು 2023ಕ್ಕ. ಮನಿ ಸುಟ್ಟು, ಕಾಗದ ಸುಟ್ಟು ಓಡಿ ಬಂದ ಹೆಣ್ಮಗಳು ತಾನು ಯಾರು ಅಂತ ಬ್ಯಾಂಕಿಗೆ ಏನ್ ತೋರಿಸಬೇಕ್ರಿ?