ಬಂದೂಕಿಲ್ಲದೆ ಬಂದ ಡೆಪ್ಯುಟಿ

ಮಾನ್ಯ ಕೇಳುಗರಿಗೆ ನಮಸ್ಕಾರ.

ಕೌಬಾಯ್ ಚಿತ್ರದ ನಾಯಕ ಧೂಳೆಬ್ಬಿಸುತ್ತ ಕುದುರೆಯ ಮೇಲೆಯೇ ಬರಬೇಕು, ಅವನ ಸೊಂಟದಲ್ಲಿ ಪಿಸ್ತೂಲು ತೂಗುತ್ತಿರಬೇಕು ಎಂಬ ನಂಬಿಕೆಯನ್ನು ಜಾರ್ಜ್ ಮಾರ್ಷಲ್ ನಿರ್ದೇಶಿಸಿದ, 1939ರಲ್ಲಿ ಬಿಡುಗಡೆಯಾದ ‘ಡೆಸ್ಟ್ರಿ ರೈಡ್ಸ್ ಅಗೇನ್’ ಚಿತ್ರ ಒಂದೇ ದೃಶ್ಯದಲ್ಲಿ ಕೆಡವುತ್ತದೆ. ಬಾಟಲ್‌ನೆಕ್ ಎಂಬ ಪುಂಡರ ಊರಿಗೆ ಸ್ಟೇಜ್‌ಕೋಚೆಂಬ ಕುದುರೆಗಾಡಿಯಲ್ಲಿ ಬಂದಿಳಿಯುವ ಟಾಮ್ ಡೆಸ್ಟ್ರಿಯ ಒಂದು ಕೈಯಲ್ಲಿ ಹೆಂಗಸರ ಕೊಡೆಯಿದೆ, ಇನ್ನೊಂದರಲ್ಲಿ ಕೆನರಿ ಹಕ್ಕಿಯ ಪಂಜರವಿದೆ. ಎರಡೂ ಜೊತೆಯಲ್ಲಿ ಬಂದ ತರುಣಿಯವು. ಊರಿನವರು ಬಿದ್ದು ಬಿದ್ದು ನಗುತ್ತಾರೆ. ಹೆಸರಾಂತ ಶೆರಿಫ್‌ನ, ಅಂದರೆ ಊರ ಕಾವಲಿನ ಅಧಿಕಾರಿಯ, ಮಗನನ್ನು ತನ್ನ ಡೆಪ್ಯುಟಿಯಾಗಿ, ಅಂದರೆ ಸಹಾಯಕನಾಗಿ, ಕರೆಸುತ್ತಿದ್ದೇನೆಂದು ಊರೆಲ್ಲ ಸಾರಿದ್ದ ಈಗಿನ ಶೆರಿಫ್ ಡಿಮ್ಸ್‌ಡೇಲ್‌ಗೆ ಭೂಮಿ ಬಾಯಿಬಿಡಬಾರದೇ ಎನ್ನಿಸುತ್ತದೆ. ಅವನಾದರೂ ಊರ ಕುಡುಕನೇ. ಹೇಳಿದಂತೆ ಕೇಳಿಕೊಂಡಿರುತ್ತಾನೆಂಬ ಲೆಕ್ಕಾಚಾರದಿಂದ ಸಲೂನಿನ, ಅಂದರೆ ಕುಡಿತ-ಜೂಜಿನ ಅಡ್ಡೆಯ, ಒಡೆಯ ಕೆಂಟನ ಬಳಗವೇ ಅವನನ್ನು ಶೆರಿಫ್ ಮಾಡಿದೆ.

ಡೆಸ್ಟ್ರಿಯ ಪಾತ್ರದಲ್ಲಿರುವವರು ಜೇಮ್ಸ್ ಸ್ಟೂವರ್ಟ್. ಯಾರಾದರೂ ಕೆರಳಿ ಮೈಮೇಲೆ ಬಂದರೆ ಅವನು ‘ನನಗೊಬ್ಬ ಗೆಳೆಯನಿದ್ದ’ ಎಂದು ಎಳೆದೆಳೆದು ಕಥೆ ಶುರುಮಾಡುತ್ತಾನೆ, ಎದುರಾಳಿ ಕಥೆ ಕೇಳುತ್ತ ಕೇಳುತ್ತ ಸಿಟ್ಟನ್ನೇ ಮರೆಯುತ್ತಾನೆ. ಗುರಿಯಿಡಲು ಬಾರದವನಲ್ಲ, ಪುಂಡರ ಪಿಸ್ತೂಲನ್ನೇ ಇಸಿದುಕೊಂಡು ಫಲಕದ ಗುಬಟುಗಳನ್ನು ಒಂದೊಂದಾಗಿ ಹಾರಿಸಿ ತೋರಿಸಿ, ಮತ್ತೆ ಅವರಿಗೇ ಹಿಂದಿರುಗಿಸುತ್ತಾನೆ. ಬಂದೂಕು ಹೊತ್ತಿದ್ದ ತಂದೆಯನ್ನು ಬೆನ್ನಿಗೆ ಗುಂಡಿಟ್ಟು ಕೊಂದಿದ್ದರೆಂಬುದೇ ಬಂದೂಕು ಕಟ್ಟಿಕೊಳ್ಳೆನೆಂಬ ಅವನ ನಿಲುವಿನ ಬೇರು. ಕಾಣೆಯಾದ ಹಿಂದಿನ ಶೆರಿಫ್‌ನ ಹೆಣ ಸಿಕ್ಕಿತೆಂದು ಸುಳ್ಳೇ ಸುದ್ದಿ ಹಬ್ಬಿಸಿ, ಗಾಬರಿಗೊಂಡ ಕೆಂಟನ ಕಡೆಯವನು ಅದನ್ನು ನೋಡಲು ಹೊರಟಾಗ ಬೆನ್ನಿಗೆ ಜನ ಬಿಡುವ ಅವನ ಉಪಾಯ ನನಗಂತೂ ಯಾವ ಗುಂಡಿನ ಕಾಳಗಕ್ಕಿಂತಲೂ ರುಚಿಸಿತು.

ಹಿಂದಿನ ವರ್ಷವಷ್ಟೇ ಚಿತ್ರಮಂದಿರದ ಮಾಲೀಕರಿಂದ ‘ಗಲ್ಲಾಪೆಟ್ಟಿಗೆಗೆ ವಿಷ’ ಎನ್ನಿಸಿಕೊಂಡಿದ್ದ ಮಾರ್ಲೀನ್ ಡೀಟ್ರಿಚ್ ಇಲ್ಲಿ ಸಲೂನಿನ ಗಾಯಕಿ ಫ್ರೆಂಚಿಯಾಗಿ ಮರಳಿ ಗೆದ್ದರು. ಜೂಜಿನಲ್ಲಿ ಪ್ಯಾಂಟನ್ನೇ ಸೋತ ಬೋರಿಸ್‌ನ ಹೆಂಡತಿಗೂ ಫ್ರೆಂಚಿಗೂ ನಡೆಯುವ ಜಡೆಜಗಳ ಎಷ್ಟು ಅಬ್ಬರದ್ದೆಂದರೆ, ಡೆಸ್ಟ್ರಿ ಇಬ್ಬರ ಮೇಲೂ ಬಕೆಟ್ ನೀರು ಸುರಿದೇ ಬಿಡಿಸಬೇಕಾಗುತ್ತದೆ.

ಮುಂದೆ ಡಿಮ್ಸ್‌ಡೇಲ್‌ನ ಬೆನ್ನಿಗೂ ಗುಂಡು ಬೀಳುತ್ತದೆ, ಡೆಸ್ಟ್ರಿ ಪಿಸ್ತೂಲು ಕಟ್ಟಿಕೊಳ್ಳುತ್ತಾನೆ. ಅಲ್ಲಿಯವರೆಗಿನ ಮಾತಿಗೆ ಚಿತ್ರ ದ್ರೋಹ ಬಗೆಯಿತೆನ್ನುವವರಿದ್ದಾರೆ, ನಾನು ಒಪ್ಪಲಾರೆ. ಏಕೆಂದರೆ ಕೊನೆಯ ಕಾಳಗವನ್ನು ನಿಲ್ಲಿಸುವುದು ಅವನ ಪಿಸ್ತೂಲಲ್ಲ, ಕೈಗೆ ಸಿಕ್ಕಿದ್ದನ್ನು ಹಿಡಿದು ಎರಡು ಬಣಗಳ ನಡುವೆ ನಡೆದುಬರುವ ಊರ ಹೆಂಗಸರು. ಡೆಸ್ಟ್ರಿಗೆ ತಾಗಬೇಕಿದ್ದ ಗುಂಡಿಗೆ ಅಡ್ಡ ಬಂದು ಫ್ರೆಂಚಿ ಸಾಯುತ್ತಾಳೆ. ಊರು ತಣ್ಣಗಾದ ಮೇಲೆ, ಆ ಕೊಡೆಯ ಒಡತಿಯ ಬಳಿ ಮದುವೆಯ ಮಾತು ತೆಗೆದ ಡೆಸ್ಟ್ರಿ ಮತ್ತೆ ಶುರುಮಾಡುತ್ತಾನೆ: ‘ನನಗೊಬ್ಬ ಗೆಳೆಯನಿದ್ದ...’