ಮಾತು ಸಾಗಿಸಬೇಡಿ

ಹಾಸನ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಉರಿಯೋ ಬೆಂಕಿಗೆ ತುಪ್ಪ ಸುರಿಯೋರ ಬಗ್ಗೆ ಮಾತಾಡಿ ಅಂದರು. ವಕೀಲನಾಗಿ, ಮಧ್ಯಸ್ಥಗಾರನಾಗಿ ನಾನು ದಿನಾ ನೋಡುವುದೇ ಅವರನ್ನು. ನಾನು ಹೇಳುವುದು ಒಂದೇ. ಜಗಳದ ನಡುವೆ ಒಬ್ಬರ ಮಾತು ಇನ್ನೊಬ್ಬರಿಗೆ ಸಾಗಿಸಬೇಡಿ.

ಸಕಲೇಶಪುರ ಸೀಮೆಯ ಅಣ್ಣತಮ್ಮ. ಊರು, ಹೆಸರು ಕೇಳಬೇಡಿ. ಇಬ್ಬರ ತೋಟದ ನಡುವಿನ ಬೇಲಿಯಲ್ಲಿ ಒಂದು ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ನೆಟ್ಟವನು ತಮ್ಮ. ಆ ವರ್ಷ ಕುಯ್ದವನು ಅಣ್ಣ. ತಮ್ಮ ಬೇಜಾರಲ್ಲಿ, "ಅಣ್ಣಯ್ಯ ಒಂದು ಮಾತು ಹೇಳ್ಬೋದಿತ್ತು" ಅಂದ. ಅಷ್ಟೇ ಅಂದಿದ್ದು! ಅದು ಅಣ್ಣನ ಮನೆ ಮುಟ್ಟುವ ಹೊತ್ತಿಗೆ "ಅಣ್ಣ ಕಳ್ಳ" ಅಂತಾಗಿತ್ತು. ಮುಟ್ಟಿಸಿದವರು ಸೋದರಮಾವ. ಅಣ್ಣ, "ನಾನು ಕಳ್ಳನಾ ಮಾವ?" ಅಂತ ಕಣ್ಣೀರು ಹಾಕಿದ. ಮಾವ ಕಾಫಿ ಕುಡಿದು ಸೀದಾ ತಮ್ಮನ ಜಗಲಿಗೆ ಬಂದು, "ಕೋರ್ಟಲ್ಲಿ ನೋಡ್ಕೋತೀನಿ ಅಂತಿದಾನೆ ಕಣಪ್ಪ" ಅಂದರು. ಅಣ್ಣ ಕೋರ್ಟಿನ ಹೆಸರೇ ಎತ್ತಿರಲಿಲ್ಲ. ಬೆಳಗಾಗುವಷ್ಟರಲ್ಲಿ ಯಾರೋ ಬಳ್ಳಿಯ ಬುಡ ಕಡಿದಿದ್ದರು. ಆಮೇಲೆ ಬೇಲಿ ಕಿತ್ತರು, ಠಾಣೆಗೆ ಹೋದರು, ದಾವೆ ಹೂಡಿದರು.

ಇಬ್ಬರೂ ನನ್ನೆದುರು ಕೂತಾಗ ಒಂದೇ ಪ್ರಶ್ನೆ ಕೇಳಿದೆ. "ಈ ಮಾತನ್ನ ಅವರ ಬಾಯಿಂದ ನೀವೇ ಕೇಳಿದ್ರಾ?" ತಮ್ಮ, "ಇಲ್ಲ, ಮಾವ ಹೇಳಿದ್ದು" ಅಂದ. ಅಣ್ಣನದೂ ಅದೇ ಉತ್ತರ. ಆ ಹೊತ್ತಿಗೆ ಮಾವ ಹೊರಗೆ ಬೆಂಚಿನ ಮೇಲೆ ಕೂತು ಅಟೆಂಡರಿಗೆ ಕೇಸಿನ ಕಥೆ ಹೇಳುತ್ತಿದ್ದರು. ನಗಬೇಡಿ, ನಿಮ್ಮ ಮನೆಯಲ್ಲೂ ಒಬ್ಬರು ಇರುತ್ತಾರೆ. ಎಲ್ಲರೂ ಒಳ್ಳೆಯದಕ್ಕೇ ಹೇಳ್ತಾರಂತೆ! ಕೊನೆಗೆ ಆದದ್ದು ಇಷ್ಟು: ಹದ್ದುಬಸ್ತಿಗೆ, ಅಂದರೆ ಗಡಿ ಅಳೆಸಿ ಗುರುತು ಹಾಕಿಸಲು, ಇಬ್ಬರೂ ಸೇರಿ ಅರ್ಜಿ ಹಾಕಿದರು, ಹೊಸ ಬಳ್ಳಿ ನೆಟ್ಟರು, ಮೆಣಸು ಸಮಪಾಲು.

ವಾಟ್ಸಾಪಿನಲ್ಲಿ ಒಬ್ಬರ ಬೈಗುಳವನ್ನು ಇನ್ನೊಬ್ಬರಿಗೆ ಕಳಿಸುವುದೂ ಸಾಗಿಸುವುದೇ. ಅದರ ಬಗ್ಗೆ ಬಹಳ ಹೇಳುವುದಿತ್ತು. ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ.

ಬೇಗ ಹೇಳಿಬಿಡುತ್ತೇನೆ. ಮಧ್ಯಸ್ಥಿಕೆಯಲ್ಲಿ ಆಡಿದ ಮಾತು ಗುಟ್ಟಾಗಿಯೇ ಇರುತ್ತದೆ, ಅದನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ಬಳಸುವಂತಿಲ್ಲ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಸಿಗುತ್ತದೆ, ಆ ತೀರ್ಪಿನ ಮೇಲೆ ಅಪೀಲಿಲ್ಲ. ಅದಾಲತ್‌ನ ಈ ನಿಯಮ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲೇ ಇದೆ. ವಿಚಾರಿಸಲು ಕಾನೂನು ಸೇವೆಗಳ ಸಹಾಯವಾಣಿ 15100, ಕರೆಗೆ ದುಡ್ಡಿಲ್ಲ. ಬರುವಾಗ ಪಹಣಿ, ನಕ್ಷೆ ತನ್ನಿ. ಮಾವನವರನ್ನು ಕರೆತರಬೇಡಿ. ನಮಸ್ಕಾರ.