ಹುಣ್ಣಿಮೆ ನೋಡಿ ಪಾರ್ಟಿ, ಬೀಗ ಹಾಕಿ ಟೀ: ಬಾತ್ ಊರಿನಲ್ಲಿ ರೀಜೆನ್ಸಿ ಕಾಲ

ನಮಸ್ಕಾರ ಎಲ್ಲರಿಗೂ. ಈಗ ಸ್ಕ್ರೀನ್ ಮೇಲೆ ಕಾಣುತ್ತಿರುವುದು ಇಂಗ್ಲೆಂಡಿನ ಬಾತ್ ಊರಿನ ರಾಯಲ್ ಕ್ರೆಸೆಂಟ್. ಅರ್ಧಚಂದ್ರದ ಹಾಗೆ ಬಾಗಿದ ಸಾಲಿನಲ್ಲಿ 30 ಮನೆ, ಎಲ್ಲಕ್ಕೂ ಒಂದೇ ಕಲ್ಲು, ಒಂದೇ ಮುಖ. ಎಲ್ಲರೂ ಇಲ್ಲಿ ನಿಂತು ಒಂದು ಫೋಟೋ ತೆಗೆದುಕೊಂಡು ಹೋಗಿಬಿಡುತ್ತಾರೆ. ನಾವು ಹಿಂದಿನ ರಸ್ತೆಗೆ ಬರೋಣ. ನೋಡಿದ್ರಾ? ಒಂದು ಮನೆ ಹೊರಗೆ ಚಾಚಿದೆ, ಇನ್ನೊಂದು ಒಳಗೆ ಸರಿದಿದೆ, ಕಿಟಕಿಗಳು ಒಂದರ ಮಟ್ಟಕ್ಕೆ ಇನ್ನೊಂದಿಲ್ಲ. 1767ರಲ್ಲಿ ಕಟ್ಟಲು ಶುರು ಮಾಡಿದಾಗ ಮುಂದಿನ ಗೋಡೆ ಮಾತ್ರ ನಕ್ಷೆಯ ಪ್ರಕಾರ ಇರಬೇಕಿತ್ತು, ಹಿಂದೆ ಏನು ಕಟ್ಟಿಕೊಂಡರೂ ಅವರವರ ಮೇಸ್ತ್ರಿ, ಅವರವರ ದುಡ್ಡು. ನನಗೆ ಈ ಹಿಂಭಾಗವೇ ಇಷ್ಟ, ಸುಳ್ಳು ಯಾಕೆ ಹೇಳಲಿ.

ರೀಜೆನ್ಸಿ ಅಂದರೆ 1811ರಿಂದ 1820. ರಾಜ ಮೂರನೇ ಜಾರ್ಜ್‌ಗೆ ಬುದ್ಧಿ ಸ್ವಾಧೀನದಲ್ಲಿರಲಿಲ್ಲ, ಅವನ ಪರವಾಗಿ ಮಗ ರೀಜೆಂಟ್ ಆಗಿ ರಾಜ್ಯ ನಡೆಸಿದ. ಆ ಕಾಲ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬಿಳಿ ಮಸ್ಲಿನ್ ಗೌನು, ಕುದುರೆ ಗಾಡಿ, ಡ್ಯಾನ್ಸು. ಆದರೆ ಮನೆಯೊಳಗೆ ಹೊಕ್ಕು ನೋಡಿದರೆ ಪೂರ್ತಿ ಲೆಕ್ಕಾಚಾರದ ಬದುಕು. 1815ರವರೆಗೂ ನೆಪೋಲಿಯನ್ ಜೊತೆ ಯುದ್ಧ, ಹಾಗಾಗಿ ಸರ್ಕಾರ ಸಿಕ್ಕಿದ್ದಕ್ಕೆಲ್ಲ ತೆರಿಗೆ ಹಾಕುತ್ತಿತ್ತು. ಕಿಟಕಿಗೆ ತೆರಿಗೆ ಹಿಂದಿನಿಂದಲೂ ಇತ್ತು, 1851ರವರೆಗೂ ಹೋಗಲಿಲ್ಲ. ಮೇಣದ ಬತ್ತಿಗೆ ತೆರಿಗೆ. ತಲೆಗೂದಲಿಗೆ ಪೌಡರ್ ಹಾಕಬೇಕಾದರೆ 1795ರಿಂದ ವರ್ಷಕ್ಕೆ ಒಂದು ಗಿನಿ, ಅಂದರೆ ಒಂದು ಪೌಂಡಿಗಿಂತ ಸ್ವಲ್ಪ ಜಾಸ್ತಿ. ಗಂಡಾಳು ಇಟ್ಟುಕೊಂಡರೂ ತೆರಿಗೆ, ಅದಕ್ಕೇ ಬಾಗಿಲಲ್ಲಿ ಸಮವಸ್ತ್ರ ಹಾಕಿದ ಆಳು ನಿಂತಿದ್ದರೆ ಆ ಮನೆಯವರು ಸ್ಥಿತಿವಂತರು ಅಂತ ಬೀದಿಗೇ ಗೊತ್ತಾಗುತ್ತಿತ್ತು.

ಈ ಬಾಗಿಲ ಪಕ್ಕದಲ್ಲಿ ಕಬ್ಬಿಣದ ಟೋಪಿ ಥರ ಒಂದು ಕಾಣುತ್ತಿದೆಯಲ್ಲ, ಸ್ವಲ್ಪ ಜೂಮ್ ಮಾಡುತ್ತೇನೆ. ರಾತ್ರಿ ಹೊತ್ತು ಪಂಜು ಹಿಡಿದ ಹುಡುಗರು ಮುಂದೆ ನಡೆದು ದಾರಿ ತೋರಿಸುತ್ತಿದ್ದರು, ಮನೆ ಮುಟ್ಟಿದ ಮೇಲೆ ಪಂಜನ್ನು ಇದರೊಳಗೆ ತುರುಕಿ ಆರಿಸುತ್ತಿದ್ದರು. ಬೆಳಕು ಅಷ್ಟು ದುಬಾರಿ. ಜೇನುಮೇಣದ ಬತ್ತಿ ಉಳ್ಳವರಿಗೆ, ಪ್ರಾಣಿ ಕೊಬ್ಬಿನ ಬತ್ತಿ ಉಳಿದವರಿಗೆ, ಅದು ಹೊಗೆ, ಅದು ನಾತ. ಹಳ್ಳಿ ಕಡೆಯ ದೊಡ್ಡ ಮನೆಗಳಲ್ಲಿ ಡ್ಯಾನ್ಸ್ ಇಟ್ಟುಕೊಳ್ಳಬೇಕಾದರೆ ಹುಣ್ಣಿಮೆಯ ಆಸುಪಾಸಿನ ದಿನ ನೋಡುತ್ತಿದ್ದರು. ರೊಮ್ಯಾಂಟಿಕ್ ಅಂದುಕೊಳ್ಳಬೇಡಿ, ವಾಪಸ್ ಹೋಗುವಾಗ ಗಾಡಿ ಗುಂಡಿಗೆ ಬೀಳಬಾರದು, ಅಷ್ಟೇ.

ಬಾತ್‌ನಲ್ಲಿ ಡ್ಯಾನ್ಸ್ ನಡೆಯುತ್ತಿದ್ದ ಅಸೆಂಬ್ಲಿ ರೂಮ್ಸ್ ಇದು, 1771ರಲ್ಲಿ ತೆರೆದದ್ದು. ರಾತ್ರಿ 11 ಹೊಡೆದರೆ ಸಂಗೀತ ಬಂದ್, ಹೆಜ್ಜೆ ಅರ್ಧಕ್ಕಿದ್ದರೂ ಸರಿ. ಪರಿಚಯ ಮಾಡಿಸದೆ ಹುಡುಗ ಹುಡುಗಿಯನ್ನು ಕುಣಿಯಲು ಕರೆಯುವ ಹಾಗಿಲ್ಲ. ಅದಕ್ಕೇ ಅಂತ ಒಬ್ಬ ಮಾಸ್ಟರ್ ಆಫ್ ಸೆರಮನೀಸ್ ಇರುತ್ತಿದ್ದ. ಹುಡುಗಿ ಒಬ್ಬನಿಗೆ ಆಗಲ್ಲ ಅಂದರೆ ಆಮೇಲೆ ಇನ್ನೊಬ್ಬನ ಜೊತೆ ಕುಣಿಯುವುದು ಮರ್ಯಾದೆಯಲ್ಲ, ಸುಮ್ನೆ ಕೂರಬೇಕು. ಒಬ್ಬನ ಜೊತೆಗೇ ಎರಡಕ್ಕಿಂತ ಜಾಸ್ತಿ ಸಲ ಕುಣಿದರೆ ಊರ ಬಾಯಿ ತೆರೆಯಿತು ಅಂತಲೇ. ಹಾಲ್‌ನ ಗೋಡೆ ಪಕ್ಕ ಕೂತ ಅಮ್ಮಂದಿರು, ಅತ್ತೆಯರು ಅದನ್ನೇ ಎಣಿಸುತ್ತಿದ್ದರು. ನಮ್ಮ ಕಲ್ಯಾಣ ಮಂಟಪದಲ್ಲಿ ಎರಡನೇ ಸಾಲಿನ ಕುರ್ಚಿಯಲ್ಲಿ ಕೂತವರು ನೆನಪಾಗುತ್ತಾರೆ, ಅಲ್ವಾ?

ಈಗ ಟೀ. ಚೀನಾದಿಂದ ಈಸ್ಟ್ ಇಂಡಿಯಾ ಕಂಪನಿ ತರುತ್ತಿದ್ದ ಸೊಪ್ಪು, ಅದರ ಬೆಲೆ ಎಷ್ಟೋ ಸುಮಾರು ಅಷ್ಟೇ ತೆರಿಗೆ. ಹಾಗಾಗಿ ಟೀ ಇಡುವ ಮರದ ಪೆಟ್ಟಿಗೆಗೆ ಬೀಗ, ಬೀಗದ ಕೈ ಯಜಮಾನಿ ಹತ್ತಿರ. ಒಮ್ಮೆ ಕುದಿಸಿದ ಸೊಪ್ಪನ್ನು ಅಡುಗೆಯವರು ಒಣಗಿಸಿ ಮಾರಿಕೊಳ್ಳುತ್ತಿದ್ದದ್ದೂ ಉಂಟು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾಗದಗಳು. ಆಗ ಅಂಚೆ ಖರ್ಚು ಬರೆದವರದ್ದಲ್ಲ, ಕಾಗದ ಬಂದ ಮನೆಯವರದ್ದು. ದೂರದ ಲೆಕ್ಕ ಬೇರೆ, ಹಾಳೆಯ ಲೆಕ್ಕ ಬೇರೆ. 1812ರ ದರದಲ್ಲಿ 15 ಮೈಲಿ ಒಳಗೆ ಒಂದು ಹಾಳೆಗೆ 4 ಪೆನ್ಸ್, ಇನ್ನೊಂದು ಹಾಳೆ ಸೇರಿಸಿದರೆ ದುಪ್ಪಟ್ಟು. ಕವರ್ ಹಾಕಿದರೆ ಅದೂ ಒಂದು ಹಾಳೆ ಅಂತ ಲೆಕ್ಕ, ಹಾಗಾಗಿ ಕಾಗದವನ್ನೇ ಮಡಚಿ ಹೊರಗಡೆ ವಿಳಾಸ ಬರೆದು ಅರಗು ಒತ್ತುತ್ತಿದ್ದರು. ಹಾಳೆ ತುಂಬಿದರೂ ಸುದ್ದಿ ಮುಗಿದಿಲ್ಲ ಅನ್ನಿ, ಆಗ ಹಾಳೆಯನ್ನು ಅಡ್ಡ ತಿರುಗಿಸಿ ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆಯುವುದು. ಈ ಫೋಟೋ ನೋಡಿ, ಬಲೆ ಹೆಣೆದ ಹಾಗಿದೆ. ಮೊದಲು ಕಣ್ಣು ಕತ್ತಲೆ ಬರುತ್ತದೆ, ಆಮೇಲೆ ಒಂದೇ ದಿಕ್ಕಿನ ಸಾಲು ಹಿಡಿದು ಹೋದರೆ ಅಕ್ಷರ ಬಿಡಿಸಿಕೊಳ್ಳುತ್ತದೆ. ಅರಗು ಬೀಳುವ ಜಾಗವನ್ನು ಮಾತ್ರ ಖಾಲಿ ಬಿಡಬೇಕು, ಇಲ್ಲದಿದ್ದರೆ ಬಿಚ್ಚುವಾಗ ಅಕ್ಷರವೂ ಕಿತ್ತು ಬರುತ್ತದೆ. ಸಂಸದರ ಸಹಿ ಇದ್ದರೆ ಅಂಚೆ ಪುಕ್ಕಟೆ, ಹಾಗಾಗಿ ಗುರುತಿನ ಸಂಸದರ ಬೆನ್ನು ಹತ್ತುವವರಿಗೆ ಬರವಿರಲಿಲ್ಲ. ವಶೀಲಿ ಎಲ್ಲ ಕಾಲದಲ್ಲೂ ಇದ್ದದ್ದೇ. 1840ರಲ್ಲಿ ಇದೆಲ್ಲ ಹೋಗಿ ದೇಶಕ್ಕೆಲ್ಲ ಒಂದು ಪೆನ್ನಿ ದರ ಬಂತು. ಆ ಪೆನ್ನಿ ಸ್ಟ್ಯಾಂಪ್ ಮೇ 6ಕ್ಕೆ ಚಾಲ್ತಿಗೆ ಬರಬೇಕಿತ್ತು, ಈ ಬಾತ್ ಅಂಚೆ ಕಚೇರಿ ತಡೆಯಲಾರದೆ ಮೇ 2ಕ್ಕೇ ಒಂದನ್ನು ಕಳಿಸಿಬಿಟ್ಟಿತ್ತು!

ಮದುವೆ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಗಂಡಿನ ಹೆಸರಿನ ಜೊತೆಗೇ ಅವನ ವರ್ಷದ ಆದಾಯ ಇಷ್ಟು ಪೌಂಡ್ ಅಂತ ಬಾಯಿಂದ ಬಾಯಿಗೆ ಹೋಗುತ್ತಿತ್ತು. ಹೆಣ್ಣು ತಂದ ಹಣಕ್ಕೆ ಮೊದಲೇ ವಕೀಲರನ್ನು ಕೂರಿಸಿ ಕರಾರು ಮಾಡಿಕೊಂಡಿರದಿದ್ದರೆ ಅದು ಗಂಡನದ್ದು. ಟೀ ಪೆಟ್ಟಿಗೆಯ ಬೀಗದ ಕೈ ಇತ್ತಲ್ಲ, ಆ ಯಜಮಾನಿಯ ಹೆಸರಲ್ಲಿ ಮನೆಯ ಒಂದು ಚಮಚವೂ ಇರುತ್ತಿರಲಿಲ್ಲ. ಆ ಕಾನೂನು ಸಡಿಲವಾಗಿದ್ದು 1870ರಲ್ಲಿ, ಸರಿಯಾಗಿ ಬದಲಾಗಿದ್ದು 1882ರಲ್ಲಿ.

ಮುಂದಿನ ವಿಡಿಯೋ ಲಂಡನ್‌ನಲ್ಲಿ. ಶ್ರೀರಂಗಪಟ್ಟಣ ಬಿದ್ದ ಮೇಲೆ ಹೊತ್ತು ತಂದ ಟಿಪ್ಪುವಿನ ಮರದ ಹುಲಿಯನ್ನು 1808ರಲ್ಲಿ ಕಂಪನಿಯ ಕಚೇರಿಯಲ್ಲಿ ಜನರ ನೋಟಕ್ಕೆ ಇಟ್ಟಿದ್ದರು, ಇದೇ ಗೌನು, ಕೋಟಿನ ಜನ ಹೋಗಿ ಹಿಡಿ ತಿರುಗಿಸಿ ಅದರ ಘರ್ಜನೆ ಕೇಳಿ ಬರುತ್ತಿದ್ದರು. ಈಗ ಅದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ, ಒಳಗೆ ಹೋಗಲು ಟಿಕೆಟ್ ಇಲ್ಲ.